ಮಂಜು ಸರಿಸಿ ಸಂತೆ ತೋರಿಸುವ ಕಾವ್ಯ ಕಮ್ಮಟ

ಮಡಿಕೇರಿಯಲ್ಲಿ ಕವಿತೆ ಬರೆಯಲು ಕೂತವರಿಗೆ ಮಂಜೇ ದೊಡ್ಡ ತೊಡಕು. ಎರಡನೇ ಸಾಲಿಗೇ ಇಳಿದು ಊರನ್ನೆಲ್ಲ ಮುಚ್ಚಿಬಿಡುತ್ತದೆ. ಶುಕ್ರವಾರದ ಸಂತೆಯ ದಿನ ನಡೆಯುವ ಈ ಕಮ್ಮಟ ಇಷ್ಟವಾಗುವುದು ಅದಕ್ಕೇ: ಮಂಜು, ಕಾಫಿ ಹೂವು, ರಾಜಾಸೀಟಿನ ಸೂರ್ಯಾಸ್ತ ಮೂರನ್ನೂ ಕವಿತೆಗೆ ತರುವಂತಿಲ್ಲ.

ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಜಾಗ ಹಿಡಿಯಬೇಕು. ಸಂತೆಯ ಹಿಂಬದಿಯ ಕೊಳೆತ ಕೋಸಿನ ರಾಶಿ, ಮೀನಂಗಡಿ ಮುಂದಿನ ಐಸ್ ನೀರು, ಬಸ್ ನಿಲ್ದಾಣದ ಗೋಡೆ, ಯಾವುದಾದರೂ ಸರಿ. ಇಪ್ಪತ್ತು ನಿಮಿಷ ಬರೆಯದೆ ನಿಲ್ಲಬೇಕು. ಮೊದಲು ಕೆಲಸ ಮಾಡುವುದು ಮೂಗು, ಕಣ್ಣು ತಡವಾಗಿ ತೆರೆಯುತ್ತದೆ. ಆಮೇಲೆ ಹದಿನೈದು ಸಾಲು. ‘ಕೊಳಕು’, ‘ಅಸಹ್ಯ’, ‘ಸುಂದರ’ ಎಂಬ ಮಾತು ಕೂಡದು, ಹೋಲಿಕೆಯೂ ಕೂಡದು. ಮಧ್ಯಾಹ್ನ ಗಟ್ಟಿಯಾಗಿ ಓದಿ, ಉಸಿರು ತಡವರಿಸಿದಲ್ಲಿ ಕತ್ತರಿಸಿ, ಎಂಟು ಸಾಲಿಗೆ ಇಳಿಸಬೇಕು.

‘ಚರಂಡಿ ಗಬ್ಬು ನಾರುತ್ತಿದೆ’ ಎಂದು ಬರೆದರೆ ಯಾವ ಊರಿನ ಚರಂಡಿಯೂ ಆದೀತು. ಕಲ್ಲಿನ ಸಂದಿಗೆ ಸಿಕ್ಕ ಗುಟ್ಕಾ ಪ್ಯಾಕೆಟ್ ನೀರು ಏರಿದಾಗ ಬಾಯಿ ಬಿಡುತ್ತದೆ, ಇಳಿದಾಗ ಮುಚ್ಚುತ್ತದೆ. ಅಷ್ಟು ಕಂಡರೆ ಸಾಕು, ಕವಿತೆ ಶುರುವಾಯಿತು. ಟಾರಿಗೆ ಅಂಟಿದ ಮತ್ತಿ ಮೀನಿನ ಹುರುಪೆಗೂ ಅಂಥದೇ ಬೆಳಕಿದೆ.

ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಕೊನೆಗೆ ಸ್ವಚ್ಛತೆಯ ಭಾಷಣ ಸೇರಿಸುವುದು. ಇನ್ನೊಂದು, ಕಸ ಎತ್ತುವ ಪೌರಕಾರ್ಮಿಕರನ್ನು ಚಿತ್ರದ ಹಿನ್ನೆಲೆ ಮಾಡಿಬಿಡುವುದು. ಇದು ನಿಜಕ್ಕೂ ತಪ್ಪು. ನಡೆಸಿಕೊಡುವವರು ಎರಡನ್ನೂ ಮೆತ್ತಗೆ, ಆದರೆ ಬಿಡದೆ ತಿದ್ದುತ್ತಾರೆ.

ಕೊರತೆ ಇರುವುದು ಫ್ರೆಂಚ್ ಕವಿ ಬೋದಿಲೇರ್ ಕುರಿತ ಪಾಠದಲ್ಲಿ. ಅವನ ‘ಪಾಪದ ಹೂಗಳು’ ಸಂಕಲನದ ಮೇಲಿನ 1857ರ ಮೊಕದ್ದಮೆ, 300 ಫ್ರಾಂಕ್ ದಂಡ, ನಿಷೇಧವಾದ ಆರು ಕವಿತೆಗಳು, ಕೊಳೆತ ಹೆಣದ ಕವಿತೆ, ಇಷ್ಟಕ್ಕೇ ಮುಗಿಸುತ್ತಾರೆ. 1861ರ ಎರಡನೇ ಆವೃತ್ತಿಯಲ್ಲಿ ಪ್ಯಾರಿಸ್ ಚಿತ್ರಗಳ ಭಾಗವೇ ಹೊಸದಾಗಿ ಸೇರಿತು. ಅಲ್ಲಿ ಹಳೆಯ ಪ್ಯಾರಿಸ್ ಕಣ್ಣೆದುರೇ ಕೆಡವಿಹೋಗುತ್ತಿದೆ, ಪಂಜರ ತಪ್ಪಿಸಿಕೊಂಡ ಹಂಸವೊಂದು ಒಣ ಕಲ್ಲುಹಾಸಿನ ಮೇಲೆ ಕಾಲೆಳೆಯುತ್ತಾ ನೀರಿಲ್ಲದ ಕಾಲುವೆಯ ಬಳಿ ಕೊಕ್ಕು ತೆರೆಯುತ್ತದೆ. ಸಂತೆಗೆ ಹೊರಡುವ ಮುಂಚೆ ಓದಬೇಕಾದದ್ದು ಅದನ್ನು. ಹೆಣದ ಕವಿತೆ ಬೆಚ್ಚಿಬೀಳಿಸುತ್ತದೆ. ಹಂಸದ ಕವಿತೆ ನೋಡುವುದನ್ನು ಕಲಿಸುತ್ತದೆ. ಅದೇ ಸಂಕಲನಕ್ಕೆ ಲಂಕೇಶರು ಮಾಡಿದ ಕನ್ನಡ ಅನುವಾದದ ಒಂದೆರಡು ಪ್ರತಿಯಾದರೂ ಮೇಜಿನ ಮೇಲಿರಬೇಕಿತ್ತು.

ಮಳೆಗಾಲದ ತಂಡಕ್ಕೆ ಸೇರುವವರು ಜೆಲ್ ಪೆನ್ ಒಯ್ಯಬೇಡಿ, ಹನಿ ಬಿದ್ದರೆ ಶಾಯಿ ಹರಡುತ್ತದೆ. 2ಬಿ ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ, ಕೊಡೆಯ ಬದಲು ರೈನ್‌ಕೋಟ್ ಇರಲಿ. ಬರೆಯಲು ಎರಡೂ ಕೈ ಬೇಕು.