ಶ್ರದ್ಧಾಂಜಲಿ ಫೋಟೋ, ಬ್ಯಾನರ್: ಹುಬ್ಬಳ್ಳಿ ದುರ್ಗದಬೈಲಿನ ಒಂದು ಫ್ರೇಮ್ ಅಂಗಡಿ

ನೆಹರೂ ಮೈದಾನದಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದ ಹುಡುಗ, ಹೋಗುವ ವಯಸ್ಸೇ ಅಲ್ಲ. ಆ ಕ್ರೀಡಾ ವರದಿಗಾರನ ಶ್ರದ್ಧಾಂಜಲಿ ಸಭೆಗೆ ಫೋಟೋ ಮಾಡಿಕೊಟ್ಟದ್ದು ಈ ಅಂಗಡಿ. ಫೋಟೋ ಕೆಲಸ ಅಚ್ಚುಕಟ್ಟು.

12x18 ಇಂಚಿನ ಪ್ರಿಂಟಿಗೆ ಕನಿಷ್ಠ 1800x2700 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೈಲ್ ಕುಗ್ಗಿ ಮುಖ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಕೊರಳಿನ ಪ್ರೆಸ್ ಕಾರ್ಡ್ ಅಳಿಸಬೇಡಿ ಅಂದಿದ್ದಕ್ಕೆ ಹಾಗೇ ಉಳಿಸಿದರು. ಅದಿಲ್ಲದೆ ಅವನು ಅವನಂತೆ ಕಾಣುತ್ತಲೇ ಇರಲಿಲ್ಲ. ಗಾಜು ಬೇಡ, ಮ್ಯಾಟ್ ಲ್ಯಾಮಿನೇಷನ್ ಸಾಕು. ಗಾಜಿದ್ದರೆ ಟ್ಯೂಬ್‌ಲೈಟ್ ಮುಖದ ಮೇಲೇ ಹೊಳೆಯುತ್ತದೆ. ಹಸಿ ಹಾರದ ನೀರು ಹಿಂಬದಿಯ, ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ಗೆ ಇಳಿದರೆ ಹಲಗೆ ಉಬ್ಬುತ್ತದೆ, ಅಂಚಿಗೆ ಟೇಪ್ ಹಾಕಿದ್ದಾರಾ ನೋಡಿಕೊಳ್ಳಿ.

ಬ್ಯಾನರ್‌ನಲ್ಲಿ ಎಚ್ಚರ. ಮೊಬೈಲ್‌ನ ಯೂನಿಕೋಡ್ ಅಕ್ಷರ ಪ್ರಿಂಟಿನವರು ಬಳಸುವ ನುಡಿ ಫಾಂಟಿಗೆ ಬದಲಾಗುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುತ್ತವೆ. ನಮ್ಮ ಬ್ಯಾನರಿನಲ್ಲಿ ಆದದ್ದು ಮಾತ್ರ ಟೈಪಿಂಗಿನದೇ ತಪ್ಪು: ಮೊದಲ ಪ್ರೂಫಿನಲ್ಲಿ ‘ಶ್ರದ್ದಾಂಜಲಿ’ ಎಂದಿತ್ತು, ದಕಾರಕ್ಕೆ ಧಕಾರದ ಒತ್ತು ಬೇಕು. ರಾತ್ರಿ ಪುಟ ಮುಗಿಯುವವರೆಗೂ ಅಕ್ಷರ ತಿದ್ದುತ್ತಿದ್ದವನ ಹೆಸರಿನ ಮೇಲೆ ಆ ತಪ್ಪು ಬಹಳ ನೋಯಿಸುತ್ತದೆ. ಪ್ರಿಂಟಿಗೆ ಹೋಗುವ ಮುನ್ನ ಹೆಸರು, ಊರು, ಜನನ-ಮರಣದ ದಿನಾಂಕಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ. ಬ್ಯಾನರಿನ ನಾಲ್ಕೂ ಮೂಲೆಗೆ ಹಗ್ಗ ಕಟ್ಟಲು ಐಲೆಟ್ (ಲೋಹದ ಬಳೆ) ಹೊಡೆಸಿ.