ಆರು ವರ್ಷ ಎನ್‌ಎಲ್‌ಟಿಕೆಗೆ ಕನ್ನಡ ವ್ಯಾಕರಣ ಹೇಳಿಕೊಟ್ಟ ಮೇಲೆ

ಎನ್‌ಎಲ್‌ಟಿಕೆ ಅಂದರೆ ಹೆಚ್ಚಿನವರಿಗೆ ಪದ ಕತ್ತರಿಸಿ ಎಣಿಸುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ. 2001ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಶುರುವಾದದ್ದು, ಪುಕ್ಕಟೆ. ಆರು ವರ್ಷದಿಂದ ನಾನು ಬಳಸುತ್ತಿರುವುದು ಅದರ ಒಂದು ಮೂಲೆಯನ್ನಷ್ಟೇ: ಫೀಚರ್ ಸ್ಟ್ರಕ್ಚರ್ (ಪದದ ಲಿಂಗ, ವಚನದಂಥ ಗುಣಗಳ ಪಟ್ಟಿ) ಇರುವ ವ್ಯಾಕರಣ ಬರೆದು ವಾಕ್ಯ ಪಾರ್ಸ್ ಮಾಡುವ, ಅಂದರೆ ಅದರ ರಚನೆ ಬಿಡಿಸುವ ಭಾಗ.

'ಹುಡುಗಿ'ಗೆ [ಲಿಂಗ=ಸ್ತ್ರೀ, ವಚನ=ಏಕ] ಅಂತ ಚೀಟಿ ಅಂಟಿಸಬೇಕು, 'ಬಂದಳು'ಗೂ ಅದೇ. ವಾಕ್ಯದ ನಿಯಮದಲ್ಲಿ ಕರ್ತೃವಿನ ಗುಣಕ್ಕೂ ಕ್ರಿಯಾಪದದ ಗುಣಕ್ಕೂ ಒಂದೇ ಚರಾಕ್ಷರ, ಅಂದರೆ ಎರಡೂ ಒಂದೇ ಆಗಿರಬೇಕು. ಎರಡು ಚೀಟಿ ಹೊಂದಿಕೊಂಡರೆ ವಾಕ್ಯದ ರಚನೆ ತೋರಿಸುವ ಮರದಂಥ ಚಿತ್ರ ಸಿಗುತ್ತದೆ. 'ಹುಡುಗಿ ಬಂದನು' ಅಂತ ಕೊಟ್ಟರೆ ಬರಿಗೈ. ಎಲ್ಲಿ ಮುರಿಯಿತು ಅಂತ ಬೇಕಾದರೆ ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಟ್ರೇಸ್ ಹಾಕಿಕೊಳ್ಳಿ.

ನನಗೆ ಹುಚ್ಚು ಹಿಡಿಸಿದ್ದು 'ಬರಲಿಲ್ಲ'. 'ಬಾ' ಧಾತುವಿಗೆ ಭೂತಕಾಲವೊಂದರಲ್ಲೇ ಬಂದೆನು, ಬಂದಳು, ಬಂದಿತು, ಬಂದವು ಅಂತ 9 ಸಾಲು ಬರೆದಿದ್ದೆ. ಅದೇ ಜೋರಿನಲ್ಲಿ 'ಬರಲಿಲ್ಲ'ಕ್ಕೂ 9 ಸಾಲು. ಎರಡು ದಿನ ಬಿಟ್ಟು ನೋಡಿದರೆ ನಗು ಬಂತು: ಅವನು ಬರಲಿಲ್ಲ, ಅವಳು ಬರಲಿಲ್ಲ, ನಾವು ಬರಲಿಲ್ಲ, ನಾಯಿ ಬರಲಿಲ್ಲ. ಈ ಪದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಚೀಟಿ ಕಿತ್ತು ಒಂದೇ ಸಾಲು ಉಳಿಸಿದೆ, ಎಲ್ಲ ವಾಕ್ಯವೂ ಪಾಸಾಯಿತು. ಹೇಳದೆ ಬಿಟ್ಟ ಗುಣ ಯಾರ ಜೊತೆಗೂ ಜಗಳಕ್ಕೆ ಹೋಗುವುದಿಲ್ಲ. ಶಾಲೆಯಲ್ಲಿ ನಿಷೇಧ ರೂಪ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಅವತ್ತು.

'ನನಗೆ ಹಸಿವಾಯಿತು' ಕೂಡ ಹಾಗೇ ಕಾಡಿತು. ಮೊದಲು ಬರುವ ನಾಮಪದವೇ ಕರ್ತೃ ಅಂತ ನಿಯಮ ಬರೆದಿದ್ದೆ. ಇಲ್ಲಿ ಕ್ರಿಯಾಪದ ಹೊಂದುವುದು ಹಸಿವಿನ ಜೊತೆ, ನನ್ನ ಜೊತೆ ಅಲ್ಲ. ವಿಭಕ್ತಿಗೆ ಬೇರೆ ಗುಣ ಸೇರಿಸಿ, ಚತುರ್ಥಿಗೆ ಪ್ರತ್ಯೇಕ ನಿಯಮ ಬರೆಯಬೇಕಾಯಿತು.

ಇನ್ನು ಕಿರಿಕಿರಿ. ಇದು ಪ್ರತ್ಯಯ ಬಿಡಿಸುವುದಿಲ್ಲ. ಮನೆಗೆ, ಮನೆಯಿಂದ, ಮನೆಯಲ್ಲಿ ಎಲ್ಲಕ್ಕೂ ಒಂದೊಂದು ಸಾಲು. ಒಂದು ಪದ ಪಟ್ಟಿಯಲ್ಲಿ ಇಲ್ಲದಿದ್ದರೂ ಇಡೀ ವಾಕ್ಯವೇ ಎರರ್. 'ಹಣ್ಣನ್ನು ಹುಡುಗ ತಿಂದನು' ಅಂತ ಕ್ರಮ ಬದಲಿಸಿದರೆ ಹೊಸ ನಿಯಮ. ವಾಕ್ಯವನ್ನು ಪದಗಳಾಗಿ ಕತ್ತರಿಸುವ ಇದರ ವರ್ಡ್‌ಪಂಕ್ಟ್ ಟೋಕನೈಸರಿಗಂತೂ ಕನ್ನಡ ಕೊಡಲೇಬೇಡಿ: ಕೊಂಬು, ಗುಡಿಸು ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ, 'ಹುಡುಗಿ' ಆರು ಚೂರಾಗುತ್ತಾಳೆ. ಖಾಲಿ ಜಾಗ ನೋಡಿ ಸ್ಪ್ಲಿಟ್ ಮಾಡಿಕೊಂಡರೆ ಸಾಕು.

ಭಾಷೆ ಕಲಿಸುವವರಿಗೆ, ಕಲಿಯುವವರಿಗೆ ಐದಕ್ಕೆ ಐದು. ಆ್ಯಪ್ ಕಟ್ಟುವವರಿಗೆ ಎರಡು, ಅದೂ ದಾಕ್ಷಿಣ್ಯಕ್ಕೆ. 'ಮೇಷ್ಟ್ರು ಬಂದರು' ವಾಕ್ಯಕ್ಕೆ ಗೌರವದ ಗುಣ ಬೇರೆ ಮಾಡಬೇಕು ಅಂದುಕೊಂಡು ಮೂರು ವರ್ಷವಾಯಿತು. ನನ್ನ ಫೈಲಿನಲ್ಲಿ ಮೇಷ್ಟ್ರು ಇನ್ನೂ ಬಹುವಚನವೇ.