43 ಇಂಚಿನ ಟಿವಿಯಲ್ಲಿ ಕಸ್ತೂರಿ ನಿವಾಸ: ಹಳೇ ಸಿನಿಮಾ ನೋಡುವವರಿಗಾಗಿ ಒಂದು ವಿಮರ್ಶೆ

ಹೋದ ವರ್ಷ ಆಯುಧಪೂಜೆಯ ಹಿಂದಿನ ವಾರ ಬೆಂಗಳೂರಿನಿಂದ ಬಂದ ಮಗ ಮನೆಗೆ 43 ಇಂಚಿನ 4ಕೆ ಸ್ಮಾರ್ಟ್ ಟಿವಿ ಹಾಕಿಸಿ ಹೋದ. ಹಬ್ಬದ ರಿಯಾಯಿತಿ ಕಳೆದು 27,000 ರೂಪಾಯಿ. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ತೊಂದರೆ ಒಂದೇ ಕಂಪನಿಯದಲ್ಲ. ತಂಗಿಯ ಮನೆಯಲ್ಲಿ ಬೇರೆ ಕಂಪನಿ, ಎದುರುಮನೆಯವರಲ್ಲಿ ಮತ್ತೊಂದು. ಎರಡು ಕಡೆಯೂ ಕೂತು ನೋಡಿದ್ದೇನೆ, ಕಥೆ ಅದೇ.

ನಾನು ರೇಷ್ಮೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಮೈಸೂರಿನಲ್ಲಿದ್ದೇನೆ. ಹುಟ್ಟೂರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ಸಿನಿಮಾದ ಹುಚ್ಚು ಹತ್ತಿದ್ದು ಅಲ್ಲಿನ ಟೆಂಟಿನಲ್ಲಿ. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಇನ್ನೇನು ಆಟ ಶುರು ಎಂದು ಅರ್ಥ, ಗದ್ದೆ ಬದುವಿನ ಮೇಲೆ ಓಡುತ್ತಿದ್ದೆವು. ನೆಲದ ಟಿಕೆಟ್, ಕೂರಲು ಮರಳು. ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತಿಕೊಳ್ಳುತ್ತಿತ್ತು. ಕಸ್ತೂರಿ ನಿವಾಸ ಬಿಡುಗಡೆಯಾದದ್ದು 1971ರಲ್ಲಿ, ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಮೂರು ನಾಲ್ಕು ವರ್ಷವಾಗಿತ್ತು. ಪ್ರಿಂಟು ತುಂಬ ಗೀರು ಬಿದ್ದು ಮಳೆ ಸುರಿದ ಹಾಗೆ ಕಾಣುತ್ತಿತ್ತು. ಆದರೂ ಆ ಪರದೆಯ ಮೇಲೆ ಅಣ್ಣಾವ್ರ ಮುಖ ಅಣ್ಣಾವ್ರ ಮುಖದ ಹಾಗೇ ಇತ್ತು. ಈ ವಿಮರ್ಶೆಯಲ್ಲಿ ನನ್ನ ಅಳತೆಗೋಲು ಅದೊಂದೇ.

ಹೊಸ ಟಿವಿಯಲ್ಲಿ ಮೊದಲು ಹಾಕಿದ್ದೂ ಕಸ್ತೂರಿ ನಿವಾಸವನ್ನೇ, ಕಪ್ಪು ಬಿಳುಪಿನದು. ಫಿಟ್ ಮಾಡಲು ಬಂದಿದ್ದ ಹುಡುಗ ಇನ್ನೂ ಅಲ್ಲೇ ಇದ್ದ. “ಅಂಕಲ್, ಎರಡೂ ಸೈಡಲ್ಲಿ ಕಪ್ಪು ಬರ್ತಿದೆ, ಫುಲ್ ಸ್ಕ್ರೀನ್ ಮಾಡಿಬಿಡ್ತೀನಿ” ಎಂದು ನಾನು ಬಾಯಿ ಬಿಡುವ ಮೊದಲೇ ರಿಮೋಟ್ ಒತ್ತಿದ. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡು ಬಂತು. ಆ ಹಾಡಿನ ಜೀವವೇ ಗೊಂಬೆ. ಎತ್ತ ತಳ್ಳಿದರೂ ವಾಲಿ, ತೂಗಿ, ಮತ್ತೆ ನೆಟ್ಟಗೆ ನಿಲ್ಲುವ ಗುಂಡು ತಳದ ಗೊಂಬೆ. ನನ್ನ ಟಿವಿಯಲ್ಲಿ ಆ ಗುಂಡು ತಳ ಒತ್ತಿದ ಇಡ್ಲಿಯ ಹಾಗೆ ಅಗಲವಾಗಿತ್ತು. ಪಕ್ಕದಲ್ಲಿ ಅಣ್ಣಾವ್ರ ಕೆನ್ನೆ ಊದಿಕೊಂಡಿತ್ತು, ಭುಜ ಪೈಲ್ವಾನರದ್ದಾಗಿತ್ತು. ಗೊಂಬೆ ವಾಲಿದಾಗ ಒಂದು ಆಕಾರ, ನಿಂತಾಗ ಇನ್ನೊಂದು ಆಕಾರ. “ಬೇಡಪ್ಪ, ಮೊದಲಿದ್ದ ಹಾಗೇ ಮಾಡಿಕೊಡು” ಎಂದೆ. “ಹಾಗಿದ್ರೆ ಸ್ಕ್ರೀನ್ ವೇಸ್ಟ್ ಆಗುತ್ತಲ್ಲ ಅಂಕಲ್” ಎಂದ ಅವನು. ಹುಡುಗ ಒಳ್ಳೆಯವನೇ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಲೆಕ್ಕ ಸುಲಭ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3, ಅಂದರೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ. ಇವತ್ತಿನ ಟಿವಿ 16:9. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 53 ಎತ್ತರ. ಹಳೆಯ ಚಿತ್ರ ಸರಿಯಾಗಿ ಕೂತರೆ 71 ಸೆಂಟಿಮೀಟರ್ ಅಗಲ ತೆಗೆದುಕೊಂಡು ಎಡಬಲಕ್ಕೆ 12 ಸೆಂಟಿಮೀಟರಿನಷ್ಟು ಕಪ್ಪು ಪಟ್ಟಿ ಉಳಿಯುತ್ತದೆ. ಅದನ್ನು ತುಂಬಿಸಲು ಇರುವುದು ಎರಡೇ ದಾರಿ. ಎಳೆದರೆ ಪ್ರತಿಯೊಬ್ಬರೂ ಮೂರನೇ ಒಂದು ಪಾಲು ದಪ್ಪವಾಗುತ್ತಾರೆ. ಝೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಕತ್ತರಿಸಿಹೋಗುತ್ತದೆ. ಕನ್ನಡದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ಯಾವ ಕನ್ನಡ ಚಿತ್ರ ನಿಮ್ಮ ಟಿವಿ ತುಂಬ ಕಂಡರೂ ಎಲ್ಲೋ ಎಳೆತವೋ ಕತ್ತರಿಯೋ ಆಗಿದೆ ಎಂದೇ ತಿಳಿಯಿರಿ. ಇಂಟರ್ನೆಟ್‌ಗೆ ಚಿತ್ರ ಹಾಕುವ ಕೆಲವರು ಮೊದಲೇ ಹೀಗೆ ಮಾಡಿ ಹಾಕುತ್ತಾರೆ. ಅಂಥದ್ದೊಂದು ಪ್ರತಿಯಲ್ಲಿ ಗೆಜ್ಜೆಪೂಜೆ ನೋಡಲು ಕೂತೆ. ಕಲ್ಪನಾ ಅವರ ಹಣೆಯಿಂದ ಮೇಲಕ್ಕೆ ಏನೂ ಇಲ್ಲ, ಮೂಲೆಯಲ್ಲಿದ್ದ ಪಂಢರಿಬಾಯಿಯವರ ಮೇಲೆ ಚಾನೆಲ್ಲಿನ ಲೋಗೋ. ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ಆ ತಾಯಿ ಮಗಳು ಮಾತಿಲ್ಲದೆ ಕಣ್ಣಲ್ಲೇ ಹೇಳುವುದು ಎಷ್ಟೊಂದಿದೆ! ಅದರ ಮೇಲೆ ಲೋಗೋ ಅಂಟಿಸಲು ಹೇಗಾದರೂ ಮನಸ್ಸು ಬರುತ್ತದೆ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಅದು ಏನೆಂದು ಗೊತ್ತಾಗಲು ಒಂದು ವಾರ ಬೇಕಾಯಿತು. ನಾಗರಹಾವು ಹಾಕಿದ್ದೆ. ಅಳತೆ ಸರಿ ಇತ್ತು, ಬಣ್ಣ ಚೆನ್ನಾಗಿತ್ತು, ಆದರೂ ಯಾಕೋ ಪುಟ್ಟಣ್ಣನವರ ಸಿನಿಮಾ ನೋಡುತ್ತಿದ್ದೇನೆ ಅನ್ನಿಸಲಿಲ್ಲ. ಯಾರೋ ಚಿತ್ರದುರ್ಗದ ಕೋಟೆಗೆ ಹ್ಯಾಂಡಿಕ್ಯಾಮ್ ಹಿಡಿದುಕೊಂಡು ಹೋದ ಹಾಗಿತ್ತು. ಮನೆಯವರೂ ಅಡುಗೆಮನೆಯಿಂದ ಇಣುಕಿ “ಇದೇನ್ರೀ, ಸೀರಿಯಲ್ ಥರ ಓಡ್ತಿದೆ” ಎಂದರು. ನಿಧಾನಗತಿಯಲ್ಲಿ ತೆಗೆದ ‘ಬಾರೇ ಬಾರೇ’ ಹಾಡು ಬಂದಾಗ ಕಾಯಿಲೆ ಬಯಲಾಯಿತು. ಸೆರಗು ಗಾಳಿಗೆ ಹಾರುವಾಗ ಅದರ ಅಂಚಿನಲ್ಲಿ ನೀರು ಕಲಕಿದಂಥ ಒಂದು ತೆಳು ಪೊರೆ. ಹಿಂದಿನ ಬಂಡೆಯೂ ಆ ಅಂಚಿನಲ್ಲಿ ಚೂರು ಕರಗಿ ಮತ್ತೆ ಗಟ್ಟಿಯಾಗುತ್ತಿತ್ತು. ಬಂಡೆ ಕರಗುವುದುಂಟೇ!

ಮೊಮ್ಮಗಳಿಗೆ ಫೋನ್ ಮಾಡಿದೆ. ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ, ಇಂಥದ್ದರಲ್ಲಿ ಚುರುಕು. “ತಾತ, ಅದು ಮೋಷನ್ ಸ್ಮೂದಿಂಗ್. ಟಿವಿನೇ ಮಧ್ಯ ಮಧ್ಯ ಫ್ರೇಮ್ ಹುಟ್ಟಿಸುತ್ತೆ” ಎಂದಳು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ನನ್ನ ಟಿವಿಯ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಆ ಅಂತರ ತುಂಬಲು ಎರಡು ಚಿತ್ರಗಳ ನಡುವೆ ಏನಿರಬಹುದೆಂದು ಯಂತ್ರವೇ ಊಹಿಸಿ ಹೊಸದನ್ನು ಸೇರಿಸುತ್ತದೆ. ಕ್ರಿಕೆಟ್ ನೋಡುವಾಗ ಇದು ಹಿತವಾಗಿ ಕಾಣುತ್ತದೆ, ಚೆಂಡು ಜಾರಿದ ಹಾಗೆ ಹೋಗುತ್ತದೆ. ಸಿನಿಮಾಕ್ಕೆ ಬೇಡ. ಪುಟ್ಟಣ್ಣ ತೆಗೆಯದ ಚಿತ್ರಗಳನ್ನು ಪುಟ್ಟಣ್ಣನ ಸಿನಿಮಾದೊಳಗೆ ಸೇರಿಸಲು ಟಿವಿಗೆ ಯಾವ ಹಕ್ಕಿದೆ? ಕಂಪನಿಗೊಂದು ಹೆಸರಿಟ್ಟಿದ್ದಾರೆ: ಟ್ರೂಮೋಷನ್, ಮೋಷನ್‌ಫ್ಲೋ, ಎಂಇಎಂಸಿ. ಸೆಟ್ಟಿಂಗ್ಸ್ ಒಳಗೆ ಪಿಕ್ಚರ್, ಅದರೊಳಗೆ ಅಡ್ವಾನ್ಸ್‌ಡ್, ಅದರೊಳಗೆ ಹುಡುಕಿ ಆಫ್ ಮಾಡಬೇಕು. ಆಫ್ ಮಾಡಿದ ಕ್ಷಣವೇ ಬಂಡೆ ಬಂಡೆಯಾಯಿತು.

ಈ ಕಾಟದ ವಿರುದ್ಧ ಹಾಲಿವುಡ್‌ನ ದೊಡ್ಡ ನಿರ್ದೇಶಕರೇ ದನಿ ಎತ್ತಿದ್ದಾರೆ. ಇಂಥ ಎಲ್ಲ ಕಸರತ್ತುಗಳನ್ನೂ ಒಂದೇ ಸಲಕ್ಕೆ ನಿಲ್ಲಿಸುವ ‘ಫಿಲ್ಮ್‌ಮೇಕರ್ ಮೋಡ್’ 2019ರಲ್ಲಿ ಘೋಷಣೆಯಾದಾಗ ಬೆಂಬಲಿಸಿದವರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಒಬ್ಬರು. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಆ ಕೆಲಸದಲ್ಲಿ ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜೊತೆ ಕೈಜೋಡಿಸಿದ್ದೂ ಸ್ಕಾರ್ಸೆಸಿಯವರ ಸಂಸ್ಥೆಯೇ. 1977ರ ಕಪ್ಪು ಬಿಳುಪು ಚಿತ್ರವನ್ನು ಕಪ್ಪು ಬಿಳುಪಾಗಿಯೇ ಉಳಿಸಿ ತೊಳೆದಿದ್ದಾರೆ. ನಮ್ಮ ಮೊದಲ ಟಾಕಿ, 1934ರ ಸತಿ ಸುಲೋಚನದ ಒಂದು ಪ್ರಿಂಟೂ ನಮಗೆ ಉಳಿದಿಲ್ಲ ಎಂಬುದನ್ನು ನೆನೆದರೆ ಈ ಕೆಲಸಕ್ಕೆ ಎರಡೂ ಕೈ ಎತ್ತಿ ಮುಗಿಯಬೇಕೆನಿಸುತ್ತದೆ. ನನ್ನ ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇಲ್ಲ. ‘ಮೂವಿ’ ಎಂಬುದಿದೆ, ಅದನ್ನೇ ಇಟ್ಟುಕೊಂಡಿದ್ದೇನೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಇದೊಂದನ್ನು ಕೇಳಿ.

ಬಣ್ಣದ ಮಾತು ಬಂದಾಗ ಒಂದು ವಿಷಯ. ಕಸ್ತೂರಿ ನಿವಾಸಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಆಗ ಎಂಟು ವರ್ಷದವಳಾಗಿದ್ದ ಈ ಮೊಮ್ಮಗಳನ್ನೇ ಕರೆದುಕೊಂಡು ಹೋಗಿದ್ದೆ. ಜನ ಶಿಳ್ಳೆ ಹೊಡೆದರು, ಕೊನೆಗೆ ಅತ್ತರು. ಮಗು ನನ್ನ ತೋಳು ಹಿಡಿದುಕೊಂಡು ಕೂತಿತ್ತು. ಬಣ್ಣ ಇಲ್ಲದಿದ್ದರೆ ಆ ವಯಸ್ಸಿನವಳು ಬರುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದರೂ ನನಗೆ ಬೇಕಾದ್ದು ಕಪ್ಪು ಬಿಳುಪೇ. ಎಲ್ಲವನ್ನೂ ಕೊಟ್ಟುಬಿಟ್ಟ ನಾಯಕನ ಕೊನೆಯ ದಿನಗಳಲ್ಲಿ ಆ ಮುಖದ ಅರ್ಧ ಬೆಳಕಲ್ಲಿ, ಅರ್ಧ ನೆರಳಲ್ಲಿ ಇರುತ್ತದೆ. ಬಣ್ಣ ಬಂದರೆ ಕಣ್ಣು ಅಂಗಿಯ ಕಡೆಗೆ, ಗೋಡೆಯ ಕಡೆಗೆ ಹರಿದುಹೋಗುತ್ತದೆ.

ಟಿವಿಯ ಯೋಗ್ಯತೆ ತಿಳಿಯಲೂ ಕಪ್ಪು ಬಿಳುಪು ಚಿತ್ರವೇ ಸರಿಯಾದ ಪರೀಕ್ಷೆ. ಡಬ್ಬಿಯಿಂದ ತೆಗೆದಾಗ ನನ್ನ ಟಿವಿಯಲ್ಲಿ ಬಿಳಿ ಪಂಚೆ ನೀಲಿ ಅದ್ದಿದ ಹಾಗೆ ಕಾಣುತ್ತಿತ್ತು. ಕಲರ್ ಟೆಂಪರೇಚರ್ ‘ವಾರ್ಮ್’ಗೆ ಹಾಕಿದೆ, ಎರಡು ದಿನ ಹಳದಿ ಅನ್ನಿಸಿತು, ಆಮೇಲೆ ಕಣ್ಣು ಒಗ್ಗಿತು. ಶಾರ್ಪ್‌ನೆಸ್ ತೀರಾ ಇಳಿಸಿದೆ. ನಾಯ್ಸ್ ರಿಡಕ್ಷನ್ ತೆಗೆದೆ. ಅದಿದ್ದರೆ ಫಿಲಂನ ಕಾಳು (ಗ್ರೇನ್ ಎನ್ನುವ ಸಣ್ಣ ಸಣ್ಣ ಚುಕ್ಕೆ) ಮಾಯವಾಗಿ ಮುಖಗಳು ಮೇಣದವಾಗುತ್ತವೆ. ಚಾಮಯ್ಯ ಮೇಷ್ಟ್ರ ಮುಖದ ಗೆರೆಗಳೇ ಅಳಿಸಿಹೋದರೆ ಅಶ್ವಥ್ ಅವರ ಅಭಿನಯ ಎಲ್ಲಿ ನೋಡುವುದು?

ಧ್ವನಿ ಸಾಧಾರಣ. ಸ್ಪೀಕರ್ ಕೆಳಮುಖವಾಗಿದೆ, ಮಾತೆಲ್ಲ ಸ್ಟ್ಯಾಂಡಿಗೆ ಬಡಿದು ಬರುತ್ತದೆ. ಸರೌಂಡ್ ಹಾಕಿದರೆ ಹಳೆಯ ಮೋನೋ, ಅಂದರೆ ಒಂದೇ ಧ್ವನಿಪಥದ ಚಿತ್ರಗಳ ಸಂಭಾಷಣೆ ಬಾವಿಯೊಳಗಿಂದ ಮಾತಾಡಿದಂತಾಗುತ್ತದೆ. ಅದನ್ನೂ ತೆಗೆಯಿರಿ.

ಇನ್ನು ಹೊಸ ಸಿನಿಮಾಗಳು. ಇದೇ ಟಿವಿ ಅವುಗಳ ಮುಂದೆ ರಾಜನ ಹಾಗೆ ನಿಲ್ಲುತ್ತದೆ, ನ್ಯಾಯವಾಗಿ ಹೇಳಬೇಕು. ಕಾಂತಾರದ ಕೊನೆಯ ಭೂತಕೋಲವನ್ನು ರಾತ್ರಿ ದೀಪ ಆರಿಸಿ ನೋಡಿದೆ. ದೊಂದಿಯ ಬೆಂಕಿ, ಮುಖದ ಬಣ್ಣ, ಪ್ರಭಾವಳಿಯಂಥ ಅಣಿ ಎಲ್ಲ ಮೈ ಜುಮ್ಮೆನ್ನುವಷ್ಟು ಚೆನ್ನ. ಕೆಜಿಎಫ್ ಮಾತ್ರ ಹಗಲು ನೋಡಲಾಗದು. ಗಣಿಯ ಕತ್ತಲೆಯಲ್ಲಿ ನಮ್ಮ ಮನೆ ಕಿಟಕಿಯೇ ಪ್ರತಿಫಲಿಸುತ್ತದೆ. ರಾತ್ರಿ ನೋಡಿದರೂ ಮಾತು ಕೇಳಲೆಂದು ವಾಲ್ಯೂಮ್ 30ಕ್ಕೆ ಏರಿಸಿದರೆ ಮರುಕ್ಷಣ ಹಿನ್ನೆಲೆ ಸಂಗೀತ ಪಕ್ಕದ ಮನೆಯ ಮಗುವನ್ನು ಎಬ್ಬಿಸುತ್ತದೆ. ಥಿಯೇಟರಿಗೆಂದು ಕಟ್ಟಿದ ಧ್ವನಿ ಅದು. ‘ಕ್ಲಿಯರ್ ವಾಯ್ಸ್’ ಹಾಕಿಕೊಂಡು ಹೇಗೋ ಸರಿದೂಗಿಸುತ್ತೇನೆ.

ಹೊಸಬರ ಬೆಳಕು, ಶಬ್ದ, ಶ್ರಮ ಎಲ್ಲದರ ಬಗ್ಗೆಯೂ ನನಗೆ ಗೌರವವಿದೆ. ನನ್ನ ತಕರಾರು ಒಂದೇ: ಮುಖ ನೋಡಲು ಸಮಯ ಕೊಡುವುದಿಲ್ಲ. ಒಬ್ಬ ಮಾತು ಮುಗಿಸುವ ಮೊದಲೇ ನಾಲ್ಕು ಕಡೆಯಿಂದ ನಾಲ್ಕು ಶಾಟ್. ಕೇಳಿಸಿಕೊಳ್ಳುತ್ತಿರುವವನ ಮುಖ ಎಲ್ಲಿ ಹೋಯಿತು? ಹಳೆಯ ಚಿತ್ರಗಳಲ್ಲಿ ನಾನು ಹೆಚ್ಚು ನೋಡಿದ್ದು ಕೇಳಿಸಿಕೊಳ್ಳುವವರನ್ನು. ನಾಯಕ ಮಾತಾಡುತ್ತಿದ್ದರೆ ಪಂಢರಿಬಾಯಿ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು, ಆ ನಿಂತಿರುವುದರಲ್ಲೇ ಅರ್ಧ ಕಥೆ. ಹೊಸದರಲ್ಲಿ ಅದು ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ರಾಮ್ ರೆಡ್ಡಿಯವರ ತಿಥಿ ನೋಡಿ. ನಟರಲ್ಲದ ಮಂಡ್ಯ ಕಡೆಯ ಹಳ್ಳಿಯ ಜನ, ಗಡ್ಡಪ್ಪ ಸುಮ್ಮನೆ ಹೊಲದ ದಾರಿಯಲ್ಲಿ ನಡೆದುಹೋಗುತ್ತಾನೆ, ಕ್ಯಾಮೆರಾ ಅವನನ್ನು ನಡೆಯಲು ಬಿಡುತ್ತದೆ. ಟೆಂಟಿನ ದಿನಗಳ ನಂತರ ನನ್ನ ಊರಿನ ಮುಖಗಳನ್ನು ಪರದೆಯ ಮೇಲೆ ಅಷ್ಟು ಹೊತ್ತು ನೋಡಿದ್ದು ಅಲ್ಲೇ. ಈ ಟಿವಿಯಲ್ಲಿ ಅದನ್ನು ಮೂರು ಸಲ ನೋಡಿದ್ದೇನೆ.

ಅಂಕ ಕೇಳುವವರಿಗೆ: ಹೊಸ ಸಿನಿಮಾಕ್ಕೆ ಐದಕ್ಕೆ ನಾಲ್ಕೂವರೆ. ಹಳೆಯ ಸಿನಿಮಾಕ್ಕೆ, ಡಬ್ಬಿಯಿಂದ ತೆಗೆದ ಹಾಗೇ ನೋಡಿದರೆ ಎರಡು, ಮೇಲೆ ಹೇಳಿದ್ದನ್ನೆಲ್ಲ ಮಾಡಿಕೊಂಡರೆ ನಾಲ್ಕು. ಹಣ ನಷ್ಟವಾಯಿತೆಂದು ಅನ್ನಿಸಿಲ್ಲ.

ಉಳಿದಿರುವ ಒಂದು ದೂರು ದೊಡ್ಡದೇ. ಫೆಬ್ರವರಿಯಲ್ಲಿ ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಎಂದು ತಾನೇ ಏನೋ ಮಾಡಿಕೊಂಡಿತು. ಬೆಳಿಗ್ಗೆ ನೋಡಿದರೆ ಮೋಷನ್ ಸ್ಮೂದಿಂಗ್ ಮತ್ತೆ ಆನ್, ಪಂಚೆ ಮತ್ತೆ ನೀಲಿ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ “ಸರ್, ಪಿಕ್ಚರ್ ಬರ್ತಿದೆ ಅಲ್ವಾ?” ಎಂದು ಕೇಳಿದರು. ಅವರಿಗೆ ವಿವರಿಸಿ ವಿವರಿಸಿ ಸಾಕಾಗಿ ನಾನೇ ಕೂತು ಮತ್ತೆ ಒಂದೊಂದಾಗಿ ಸರಿಮಾಡಿದೆ. ಈಗ ಎಲ್ಲ ಸೆಟ್ಟಿಂಗ್ಸನ್ನೂ ಒಂದು ಹಾಳೆಯಲ್ಲಿ ಬರೆದು ಟಿವಿಯ ಬೆನ್ನಿಗೆ ಅಂಟಿಸಿದ್ದೇನೆ. ಮೊದಲ ಸಾಲು: ಸ್ಕ್ರೀನ್ ಸೈಜ್, ಒರಿಜಿನಲ್.